ಕಾಕಿಯ ಪತ್ತೇದಾರಿ

ಇವತ್ತು ಬೆಳಿಗ್ಗೆ ಕಿರುಗುಟ್ಟುವ ಬಾಗಿಲಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಗೂಳಿಯ ನಮ್ಮ ಕಾಕಿ, ಅಂದರೆ ಚಿಕ್ಕಮ್ಮ, ನೆನಪಾಗಿ ಎದುರಿಗೆ ಬಂದು ಕೂತಳು.

ಎಪ್ಪತ್ತರ ದಶಕದ ಮಾತು. ಕಾಕಿ ಕಲಿತದ್ದು ಏಳನೆಯ ಇಯತ್ತೆ. ಊರಿನ ಹೆಂಗಸರ ಅರ್ಧ ಜಂಪರುಗಳು ಅವಳ ಕೈಯ ಹೊಲಿಗೆಯವೇ. ಗಿರಾಕಿಗಳಿಲ್ಲದ ಮಧ್ಯಾಹ್ನ ಯಂತ್ರದ ಹಲಗೆಯ ಮೇಲೆ ನೋಟುಪುಸ್ತಕ ಹರವಿಕೊಂಡು ಬರೆಯುತ್ತಿದ್ದಳು. ಏನನ್ನು ಅಂತೀರಿ? ಮೈ ನಡುಗಿಸುವ ಪತ್ತೇದಾರಿ ಕಾದಂಬರಿ! ಅದರಲ್ಲೊಂದು ಕರಿ ಬಟ್ಟೆಯ ಪಂಥ. ಅದರ ಗುರು ಸತ್ತವರನ್ನು ಮಾತಾಡಿಸುತ್ತಾನೆ; ಕೇಳಲು ಹೋದವರು ಮರಳುವುದಿಲ್ಲ. ಪತ್ತೆ ಹಚ್ಚುವವಳು ಒಬ್ಬ ಸೂಲಗಿತ್ತಿ. ದನಿ ಬರುವುದು ನೆಲದಲ್ಲಿ ಹೂತ ಕೊಳವೆಯಿಂದ ಎಂದು ಅವಳು ಕಂಡುಹಿಡಿಯುತ್ತಾಳೆ.

ನಾನಾಗ ವಿಜಾಪುರದಲ್ಲಿ ಕಾಲೇಜು ಓದುತ್ತಿದ್ದ ಮಹಾಪಂಡಿತ. "ಕಾಕಿ, ಇಂಥಾದ್ದನ್ನ ಯಾರ್ ನಂಬ್ತಾರ?" ಎಂದು ನಕ್ಕೆ.

"ಅಳಾವ್ರು ನಂಬ್ತಾರಪಾ," ಎಂದು ಕಾಕಿ ತಲೆಯೆತ್ತದೆ ಬರೆದಳು.

ಅದೇ ವರ್ಷ ಊರಾಚೆಯ ಹಾಳು ತೋಟದ ಮನೆಗೆ ಅಂಥವನೇ ಒಬ್ಬ ಗುರು ಬಂದಿಳಿದ. ಗಂಡನನ್ನು ಕಳೆದುಕೊಂಡಿದ್ದ ನೆರೆಮನೆಯ ಗಂಗವ್ವ ಅಲ್ಲಿ ಗಂಡನ ದನಿ ಕೇಳಿಬಂದಳು. ಹದಿನಾರರ ಮಗಳು ಕಸ್ತೂರಿಯನ್ನು ಗುರುವಿಗೆ ಒಪ್ಪಿಸಬೇಕೆಂದು ಆ ದನಿ ಹೇಳಿತ್ತಂತೆ. ಹುಡುಗಿಯ ಕಣ್ಣುಗಳು ಅತ್ತು ಬಾತಿದ್ದವು.

ಒಪ್ಪಿಸುವ ದಿನ ಕಾಕಿ ಯಂತ್ರಕ್ಕೆ ಮುಸುಕು ಹಾಕಿ, ಒಂದು ಕೊಡ ನೀರು ಹೊತ್ತು ಅವರ ಜೊತೆ ನಡೆದಳು. ನಾನೂ ಹೋದೆ.

ಕಿಟಕಿ ಮುಚ್ಚಿದ ಕೋಣೆ. "ಗಂಗಾ, ಮಗಳನ್ನ ಇಲ್ಲೇ ಬಿಡು," ಎಂದಿತು ದನಿ. ಕಾಕಿ ಗುರುವಿನ ಪೀಠದ ಮುಂದಿನ ಚಾಪೆ ಸರಿಸಿದಳು. ಕೊಳವೆಯ ಬಾಯಿ! ಕೊಡ ಬಗ್ಗಿಸಿಯೇಬಿಟ್ಟಳು. ಗೋಡೆಯಾಚೆ ಯಾರೋ ಕೆಮ್ಮಿ, "ಯಾರಲೇ ನೀರ್ ಹಾಕಿದವ್ರು!" ಎಂದು ಒದರಿದ.

ಶಿಷ್ಯರು ಬಡಿಗೆ ಹಿಡಿದು ಎದ್ದರು. ಕಾಕಿ ಕದಲಲಿಲ್ಲ. "ಗಂಗವ್ವಾ, ನಿನ್ನ ಗಂಡ ಎಂದಾದ್ರೂ ನಿನ್ನ 'ಗಂಗಾ' ಅಂದಿದ್ನೇನು?"

ಗಂಗವ್ವ ಕೊಳವೆಯ ಬಾಯನ್ನು ಬಗ್ಗಿ ನೋಡಿದಳು. "ಇಲ್ಲವಾ. 'ಕಸ್ತೂರಿ ಅವ್ವಾ' ಅಂತಿದ್ರು." ಮಗಳ ಕೈ ಹಿಡಿದು ಎದ್ದಳು. ಅವಳ ಹಿಂದೆ ಕೋಣೆಯಲ್ಲಿದ್ದವರೆಲ್ಲ ಎದ್ದರು. ವಾರದೊಳಗೆ ತೋಟದ ಮನೆ ಖಾಲಿ.

ಕಾದಂಬರಿ ಅಚ್ಚಾಗಲಿಲ್ಲ. ಕಾಕಿ ತೀರಿದ ಮೇಲೂ ಕೇಳಿದವರಿಗೆ "ಬಟ್ಟಿ ಹೊಲಿತಿದ್ಲು" ಎಂದಷ್ಟೇ ಹೇಳುತ್ತಿದ್ದೆ. ಪತ್ತೇದಾರಿ ಬರೆಯುತ್ತಿದ್ದಳೆನ್ನಲು ಕಾಲೇಜು ಕಲಿತ ನನಗೆ ನಾಚಿಕೆ.

"ಒಬ್ರೇ ಏನ್ ನಗಾಕತ್ತೀರಿ?" ಬಾಗಿಲ ಬಳಿ ಎಣ್ಣೆ ಹಿಡಿದು ನಿಂತಿದ್ದ ನನ್ನನ್ನು ನೋಡಿ ಹೆಂಡತಿ ಒಳಗಿನಿಂದ ಬಂದಳು.

"ನಮ್ಮ ಕಾಕಿ ದೊಡ್ಡ ಲೇಖಕಿ ಇದ್ಲು," ಎಂದೆ. "ಕೂಡು, ಹೇಳ್ತೇನಿ."