ಟೈಲರಜ್ಜನ ಹೊಟ್ಟೆಯ ಅಳತೆ

ನಲವತ್ತು ವರ್ಷ ಊರವರ ಸೊಂಟ ಅಳೆದ ಟೈಲರಜ್ಜನ ಹೊಟ್ಟೆಯನ್ನು ಈಗ ವಾರವಾರ ನಾನು ಅಳೆಯುತ್ತಿದ್ದೆ. ಹೊಟ್ಟೆಯಲ್ಲಿ ನೀರು ತುಂಬಿ ಹೊಕ್ಕುಳು ನಿಂಬೆಹಣ್ಣಿನಂತೆ ಉಬ್ಬಿದವರಿಗೆ, ಮೂತ್ರ ಹೆಚ್ಚಿಸಿ ನೀರಿಳಿಸುವ ಮಾತ್ರೆಯಿಂದ ಎಷ್ಟು ಗುಣ ಎಂಬುದು ನಮ್ಮ ಆಸ್ಪತ್ರೆಯ ಸಂಶೋಧನೆ. ಅರವತ್ತು ರೋಗಿಗಳು. ಅಳೆಯುವ ನರ್ಸು ನಾನೊಬ್ಬಳೇ.

ವರ್ಷದ ಹಿಂದೆ ನಲವತ್ತು ಇಂಚಿದ್ದ ಅಜ್ಜನ ಹೊಟ್ಟೆ ಅಂದು ಮೂವತ್ತೆಂಟಕ್ಕೆ ಇಳಿದಿತ್ತು. ಡಾಕ್ಟರಿಗೆ ಖುಷಿಯೋ ಖುಷಿ. ಅಜ್ಜ ಮಾತ್ರ ಹುಬ್ಬು ಗಂಟಿಕ್ಕಿದರು.

"ಹಾಗಾದ್ರೆ ಮೂವತ್ತೊಂಬತ್ತಕ್ಕೆ ಹೊಲ್ಕೊಂಡ ಪ್ಯಾಂಟಿನ ಗುಂಡಿ ಯಾಕಮ್ಮ ಹಾಕೋಕಾಗ್ತಿಲ್ಲ? ಕೊಡಿಲ್ಲಿ ಆ ಟೇಪು."

ಜೇಬಿನಿಂದ ತಮ್ಮ ಟೇಪು ತೆಗೆದು ನಮ್ಮದರ ಪಕ್ಕ ಹಾಸಿದರು. ನಮ್ಮ ಮೂವತ್ತೆಂಟು ಅವರ ನಲವತ್ತರ ಪಕ್ಕ ಬಂದು ನಿಂತಿತು. 

"ಬಟ್ಟೆ ಟೇಪು ಎಳೆದೆಳೆದು ಉದ್ದ ಆಗುತ್ತಮ್ಮ. ನಾನು ಆರು ತಿಂಗಳಿಗೊಂದು ಬಿಸಾಕ್ತೀನಿ. ಇದು ಯಾವ ಕಾಲದ್ದು?"

ಸಂಶೋಧನೆ ಶುರುವಾದ ದಿನದ್ದು. ಅರವತ್ತು ಹೊಟ್ಟೆಗಳನ್ನೂ ಅದರಲ್ಲೇ ಅಳೆದಿದ್ದೆ. ಪ್ರತಿ ಸಲ ಬಿಗಿಯಾಗಿ ಎಳೆದು ಹಿಡಿಯುತ್ತಿದ್ದವಳೂ ನಾನೇ.

ಡಾಕ್ಟರು ಕುರ್ಚಿಯಲ್ಲಿ ಕುಸಿದರು. ಅಜ್ಜ ಟೇಪನ್ನು ನೀಟಾಗಿ ಸುತ್ತಿ ಅವರ ಮುಂದಿಟ್ಟರು.

"ನನ್ನ ಹೊಟ್ಟೆ ಇಳಿದಿಲ್ಲ ಡಾಕ್ಟ್ರೇ. ನಿಮ್ಮ ಟೇಪು ಬೆಳೆದಿದೆ."