ಉಳಿಯುತ್ತಿದ್ದ ಒಂದು ಅಡಿ

ಕಳವಾರದ ಮುನಿಶಾಮಪ್ಪನವರು ಇಪ್ಪತ್ತೆರಡು ವರ್ಷ ಚಿಕ್ಕಬಳ್ಳಾಪುರದಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದರು. ಕಬ್ಬಿಣದ ತಗಡುಗಳ ನಡುವೆ ಕಂಬಿ ನಿಲ್ಲಿಸಿ, ಕಾಂಕ್ರೀಟ್ ಸುರಿದು, ಒಂದೇ ಬಂಡೆಯಂತಹ ಗೋಡೆ ಎಬ್ಬಿಸುವುದರಲ್ಲಿ ಅವರದು ನುರಿತ ಕೈ. ಆದರೆ ಅವರ ಮನೆಗೂ ಪಕ್ಕದ ಅಣ್ಣ ಗಂಗುಲಪ್ಪನವರ ಮನೆಗೂ ನಡುವೆ ಇದ್ದದ್ದು ತಂದೆಯ ಕಾಲದ ಮಣ್ಣಿನ ಜಂಟಿ ಗೋಡೆ. ಅದು ಬುಡದಲ್ಲಿ ಕರಗಿ ತಮ್ಮನ ಕಡೆಗೆ ವಾಲಿತ್ತು.

೨೦೦೫ರ ಬೇಸಿಗೆಯಲ್ಲಿ ಅದನ್ನು ಕೆಡವಿ ಕಾಂಕ್ರೀಟ್ ಗೋಡೆ ಹಾಕಲು ಅವರು ಅಣ್ಣನ ಒಪ್ಪಿಗೆ ಕೇಳಿದರು. ನಿವೃತ್ತ ಭೂಮಾಪಕನಾದ ನಾನೇ ಅಳೆದೆ: ಮಣ್ಣಿನ ಗೋಡೆ ಹದಿನೆಂಟು ಅಂಗುಲ ದಪ್ಪ, ಹೊಸದಕ್ಕೆ ಆರು ಅಂಗುಲ ಸಾಕು. ಉಳಿಯುವ ಒಂದು ಅಡಿ ಯಾರಿಗೆಂಬ ಜಗಳ ಹತ್ತಿತು.

“ಅಷ್ಟೂ ನೀನೇ ಇಟ್ಕೊಳಣ್ಣ. ಗೋಡೆ ನಿಂತ್ರೆ ಸಾಕು,” ಎಂದರು ಮುನಿಶಾಮಪ್ಪ.

ಗಂಗುಲಪ್ಪನವರಿಗೆ ಅನುಮಾನ ಬಂದದ್ದೇ ಆಗ. “ಗೇಣು ಜಾಗಕ್ಕೆ ಕೋರ್ಟ್ ಹತ್ತೋ ಕಾಲ ಕಣೋ ಇದು. ಸುಮ್ನೆ ಅಡಿ ಬಿಟ್ಕೊಡೋಕೆ ನೀನೇನು ಸನ್ಯಾಸಿನಾ? ಏನೋ ಮಸಲತ್ತೈತೆ. ಅಪ್ಪನ ಗೋಡೆ ಮುಟ್ಬೇಡ!”

ಅಕ್ಟೋಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಐದನೆಯ ಬೆಳಿಗ್ಗೆ, ನೆನೆಯುತ್ತಿದ್ದ ರಾಗಿ ಚೀಲಗಳನ್ನು ಸರಿಸುತ್ತಿದ್ದ ಮುನಿಶಾಮಪ್ಪನವರ ಮೇಲೆ ಆ ಗೋಡೆ ಕುಸಿಯಿತು. ಮಣ್ಣು ತೆಗೆಯುವಷ್ಟರಲ್ಲಿ ಅವರ ಪ್ರಾಣ ಹೋಗಿತ್ತು.

ಮಹಜರಿನಲ್ಲಿ “ಮಳೆಯಿಂದ ಸಾವು” ಎಂದು ಬರೆದರು. ನಾನು ಸಾಕ್ಷಿಯಾಗಿ ಸಹಿ ಹಾಕಲಿಲ್ಲ. ಆ ಮಳೆ ಇಡೀ ತಾಲ್ಲೂಕಿನ ಮೇಲೆ ಸುರಿದಿತ್ತು. ಮರುವಾರ, ಮುನಿಶಾಮಪ್ಪನವರು ಗೋಡೆ ಎಬ್ಬಿಸಿದ್ದ ಹನ್ನೊಂದು ಮನೆಗಳನ್ನು ನಾನೇ ಹೋಗಿ ನೋಡಿ ಬಂದೆ. ಒಂದರಲ್ಲೂ ಕೂದಲೆಳೆಯಷ್ಟು ಬಿರುಕಿರಲಿಲ್ಲ.