ಗೇಟ್ ಮಾವ ಬೆರಳು ತೋರಿಸಲಿಲ್ಲ

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಉದ್ದವಾಗಿತ್ತು. ಬೇಕೆಂದೇ ಬಿಟ್ಟಿದ್ದರು. ನಮ್ಮೂರು ಗುಬ್ಬಿಯ ಟಾಕೀಸಿನ ಗೇಟಿನಲ್ಲಿ ನಿಂತು, ಟಿಕೆಟ್ಟಿನ ಕಡೆ ನೋಡದೆಯೇ ಆ ಉಗುರಿನಿಂದ ಒತ್ತಿ ಎರಡಾಗಿ ಹರಿದು, ಅರ್ಧ ನಮ್ಮ ಕೈಗಿಟ್ಟು ಅರ್ಧ ಡಬ್ಬಕ್ಕೆ ಹಾಕುತ್ತಿದ್ದರು. ಕಣ್ಣು ಮಾತ್ರ ಬಂದವರ ಮುಖದ ಮೇಲೇ ಇರುತ್ತಿತ್ತು. ಊರಿಗೆಲ್ಲ ಅವರು ಗೇಟಿನೋರು. ನಮ್ಮ ಬೀದಿಯವರೇ ಆದ್ದರಿಂದ ನನಗೆ ಗೇಟ್ ಮಾವ.

ಟಿಕೆಟ್ ಹರಿಯಲು ಯಾರಾದರೂ ಆದೀತು. ಅವರ ಅಸಲು ಕೆಲಸ ಶುರುವಾಗುತ್ತಿದ್ದುದು ಪಿಕ್ಚರ್ ಬಿಟ್ಟ ಮೇಲೆ. ಗೇಟಿನ ಒಂದೇ ಬಾಗಿಲು ತೆಗೆದು, ಪಕ್ಕಕ್ಕೆ ನಿಂತು, ಹೊರಬರುವ ಜನರ ಮಾತು ಕೇಳಿಸಿಕೊಳ್ಳುತ್ತಿದ್ದರು. ಹೇಗಿತ್ತು ಎಂದು ಯಾರನ್ನೂ ಕೇಳಿದವರಲ್ಲ.

"ಕೇಳುದ್ರೆ ಚೆನ್ನಾಗಿತ್ತು ಅಂತಾರೆ ಕಣವ್ವ, ಮುಲಾಜಿಗೆ. ಗೇಟ್ ದಾಟ್ತಿದ್ದಂಗೆ ಬಸ್ಸಿನ ಮಾತು ಎತ್ತುದ್ರೆ ಪಿಕ್ಚರ್ ಬಿತ್ತು ಅಂತ್ಲೇ. ಬಸ್ಸು ಹೋದ್ರೂ ಗೊತ್ತಾಗ್ದಂಗೆ ನಿಂತ್ಕೊಂಡು ಪಿಕ್ಚರ್ ಮಾತೇ ಆಡ್ತಾವ್ರೆ ಅಂದ್ರೆ, ಅದು ಓಡ್ತೈತೆ."

ಮೊದಲ ದಿನದ ಮ್ಯಾಟ್ನಿ ಮುಗಿದಾಗ ಮ್ಯಾನೇಜರು ಆಫೀಸಿನ ಕಿಟಕಿಯಿಂದ ಇಣುಕುತ್ತಿದ್ದರು. ಮಾವ ಗೇಟಿನಿಂದಲೇ ಬೆರಳು ತೋರಿಸುತ್ತಿದ್ದರು. ಎರಡು ಬೆರಳೆಂದರೆ ಎರಡು ವಾರ, ನಾಲ್ಕೆಂದರೆ ನಾಲ್ಕು. ಮುಷ್ಟಿ ಹಿಡಿದರೆ ಮುಂದಿನ ಶುಕ್ರವಾರಕ್ಕೆ ಬೇರೆ ಪಿಕ್ಚರ್ ನೋಡಿಕೊಳ್ಳಬೇಕು. ಆ ಲೆಕ್ಕ ತಪ್ಪಿದ್ದನ್ನು ನಾನಂತೂ ಕಾಣೆ.

ಅಮ್ಮ ಪಕ್ಕದ ಮನೆಯವರ ಜೊತೆ ಹರಟುತ್ತ ಹೊರಬರುವಷ್ಟರಲ್ಲಿ ನಾನು ಓಡಿಹೋಗಿ ಮಾವನ ಪಕ್ಕ ನಿಂತುಬಿಡುತ್ತಿದ್ದೆ. ಈಗ ನಾನು ಸಿನಿಮಾಗಳಿಗೆ ಸಂಭಾಷಣೆ ಬರೆದು ಅನ್ನ ತಿನ್ನುತ್ತಿದ್ದೇನೆ. ಜನ ಹೇಗೆ ಮಾತಾಡುತ್ತಾರೆ, ಎಲ್ಲಿ ಮಾತು ನುಂಗುತ್ತಾರೆ ಎಂಬುದನ್ನು ಕಲಿತದ್ದು ಆ ಗೇಟಿನಲ್ಲೇ.

ಟಾಕೀಸು ಮುಚ್ಚಿ ಕೊಬ್ಬರಿ ಗೋಡೌನಾಯಿತು. ಮಾವ ಉಗುರು ಕತ್ತರಿಸಲಿಲ್ಲ. ಒಮ್ಮೆ ನನ್ನ ಜೊತೆ ಬಸ್ಸಿನಲ್ಲಿ ತುಮಕೂರಿಗೆ ಬರುವಾಗ, ಕಂಡಕ್ಟರ್ ಕೊಟ್ಟ ಟಿಕೆಟ್ಟನ್ನು ಪರಕ್ಕನೆ ಹರಿದು ಅರ್ಧ ಅವನ ಕೈಗೇ ಕೊಟ್ಟರು.

"ಏನ್ ಯಜಮಾನ್ರೆ, ಚೆಕಿಂಗ್‌ನೋರು ಹತ್ತುದ್ರೆ ಏನ್ ತೋರಿಸ್ತೀರಾ?" ಎಂದ ಅವನು. ಬಸ್ಸೆಲ್ಲ ನಕ್ಕಿತು. ಮಾವನೂ ನಾಚಿಕೊಂಡು ನಕ್ಕರು. ನಾನು ಆ ಅರ್ಧವನ್ನು ಅವನ ಕೈಯಿಂದ ವಾಪಸು ಇಸಿದುಕೊಂಡೆ.

ನನ್ನ ಮೊದಲ ಸಿನಿಮಾ ಗುಬ್ಬಿಯ ಹುಡುಗಿಯೊಬ್ಬಳ ಕಥೆ. ನಮ್ಮ ಕಡೆಯ ಮಾತಿನಲ್ಲೇ ಬರೆದಿದ್ದೆ. ತುಮಕೂರು ಪಕ್ಕದ ಗೂಳೂರಿನ ರಸ್ತೆಯಲ್ಲಿ ಶೂಟಿಂಗೂ ಆಯಿತು. ಆಮೇಲೆ ಐದು ಭಾಷೆಗಳಲ್ಲಿ ಬಿಡುವುದೆಂದು ತೀರ್ಮಾನವಾಗಿ, ನಾನು "ಬಂದವ್ನೆ" ಎಂದು ಬರೆದಿದ್ದೆಲ್ಲ ಡಬ್ಬಿಂಗಿನಲ್ಲಿ "ಬಂದಿದ್ದಾನೆ" ಆಯಿತು. ಹುಡುಗಿ ಇಳಿಯುವ ಬಸ್ಸಿನ ಮೇಲಿದ್ದ ಗುಬ್ಬಿ ಎಂಬ ಬೋರ್ಡನ್ನು ಕಂಪ್ಯೂಟರಿನಲ್ಲಿ ಅಳಿಸಿದರು.

"ನೋಡೋರೆಲ್ಲ ಇದು ನಮ್ಮೂರೇ ಅನ್ಕೋಬೇಕು ಮೇಡಂ," ಎಂದರು ನಿರ್ಮಾಪಕರು. "ಬರೀ ನಮ್ಮಲ್ಲೇ ಓಡ್ಸಿದ್ರೆ ಕನ್ನಡ ಇಂಡಸ್ಟ್ರಿ ಉಳಿಯಲ್ಲ."

ಅದು ಸುಳ್ಳೂ ಅಲ್ಲ. ನಮ್ಮ ಟಾಕೀಸೇ ಉಳಿದಿರಲಿಲ್ಲವಲ್ಲ.

ಸಿನಿಮಾ ಬಿಡುಗಡೆಯಾದಾಗ ಮಾವನನ್ನು ತುಮಕೂರಿನ ಮಾಲಿಗೆ ಕರೆದುಕೊಂಡು ಹೋದೆ. ಟಿಕೆಟ್ ಫೋನಿನಲ್ಲಿತ್ತು, ಹರಿಯುವುದಕ್ಕೆ ಏನೂ ಇರಲಿಲ್ಲ. ಪಿಕ್ಚರ್ ಬಿಟ್ಟಾಗ ನನಗಿಂತ ಮೊದಲೇ ಎದ್ದು ಹೋಗಿ ಬಾಗಿಲ ಪಕ್ಕ ನಿಂತುಬಿಟ್ಟಿದ್ದರು. ಜನರೆಲ್ಲ ಹೋಗುವವರೆಗೂ ಕಾದು ಹತ್ತಿರ ಹೋದೆ. ಅವರ ಕೈ ಜೇಬಿನಲ್ಲೇ ಇತ್ತು.

"ಎಷ್ಟು ವಾರ ಮಾವ?"

"ಓಡ್ತೈತೆ ಬುಡವ್ವ. ಎಲ್ಲಾ ಕಡೆ ಓಡ್ತೈತೆ." ಎಸ್ಕಲೇಟರಿನ ಹತ್ತಿರ ಬಂದಾಗ ನಿಂತರು. "ಆದ್ರೆ ಆ ಹುಡ್ಗಿ ಯಾವೂರೋಳು ಅಂತ ಗೊತ್ತಾಗ್ನಿಲ್ಲ ಕಣವ್ವ."

ನನಗೆ ರೇಗಿತು. "ಹೊರಗಡೆ ಹೋಗ್ಬೇಕು ಅಂದ್ರೆ ಅದೆಲ್ಲ ಬಿಡ್ಬೇಕಾಗುತ್ತೆ ಮಾವ."

"ಹೋಗ್ರವ್ವ, ಬ್ಯಾಡ ಅಂದೋರ್ ಯಾರು? ಬೇರೆಯೋರ್ ಮನೆಗೆ ಹೋದ್ರೆ ಯಾವೂರಿಂದ ಬಂದ್ರಿ ಅಂತ ಕೇಳಲ್ವಾ? ಹೇಳ್ಬಾರ್ದಾ ನಾವು?"

ಮುಂದಿನ ಪಿಕ್ಚರಿನಲ್ಲಿ ಗುಬ್ಬಿ ಬೋರ್ಡು ಹಾಕಿಸುತ್ತೇನೆ ಎಂದು ಮಾತು ಕೊಟ್ಟೆ.

ಬರೆದೆ ಕೂಡ. ಮೊದಲ ದೃಶ್ಯದಲ್ಲೇ ಬಸ್ಸು, ಅದರ ಹಣೆಯ ಮೇಲೆ ಗುಬ್ಬಿ. ಮೀಟಿಂಗಿನಲ್ಲಿ ಅದೇ ನಿರ್ಮಾಪಕರು ಆ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಜಗಳ ಆಡಬಹುದಿತ್ತು. ಆಡಿದ್ದರೆ ಏನಾಗುತ್ತಿತ್ತು ಎಂದು ಈಗ ನೂರು ಸಲ ಯೋಚಿಸುತ್ತೇನೆ. ಅವತ್ತು ಪೆನ್ನು ತೆಗೆದು ನನ್ನ ಕೈಯಾರೆ ಹೊಡೆದುಹಾಕಿದೆ.

ಅದಾಗಿ ತಿಂಗಳಿಗೆ ಮಾವ ಉಬ್ಬಸ ಬಂದು ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ತುಮಕೂರಿನ ಬಟವಾಡಿಯ ನನ್ನ ಬಾಡಿಗೆ ಮನೆಯಲ್ಲಿದ್ದಾಗ ಅವರ ಫೋನು ಬಂತು.

"ಬೋರ್ಡು ಐತೇನವ್ವ?"

"ಐತೆ ಮಾವ."

"ಹಂಗಾದ್ರೆ ಸರಿ ಬುಡು," ಎಂದರು. ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ವಾರ ತುಂಬುವುದರೊಳಗೆ ಹೋಗಿಬಿಟ್ಟರು. ಮುಖ ನೋಡಿ ನಿಜ ಹೇಳೋಣ ಎಂದುಕೊಂಡು ದಿನ ತಳ್ಳಿದ ನನಗೆ ಆ ಮುಖವೇ ಸಿಗಲಿಲ್ಲ.

ಹನ್ನೊಂದನೆಯ ದಿನದ ತಿಥಿಗೆ ಹೋಗಿದ್ದೆ. ಊಟ ಮುಗಿಸಿ ಜನ ಹೊರಡುವಾಗ ನೋಡುತ್ತೇನೆ, ನಾನು ಕಾಂಪೌಂಡಿನ ಗೇಟಿನ ಪಕ್ಕ ನಿಂತುಬಿಟ್ಟಿದ್ದೇನೆ, ಥೇಟ್ ಅವರ ಹಾಗೆ. ಕುಣಿಗಲ್ಲಿನಿಂದ ಬಂದಿದ್ದ ಅವರ ತಂಗಿ ನನ್ನ ಕೈ ಹಿಡಿದುಕೊಂಡರು.

"ನೀನೇ ಅಲ್ವಾ ಪಿಕ್ಚರ್ ಬರೆಯೋಳು? ನಮ್ಮೂರು ಬತ್ತೈತಂತೆ ಅದ್ರಾಗೆ. ಉಸ್ರು ಆಡ್ದೆ ಇದ್ರೂ ನೋಡೋಕೆ ಬಂದೋರ್ಗೆಲ್ಲ ಅದ್ನೇ ಹೇಳ್ತಿದ್ದ ನಮ್ಮಣ್ಣ. ಯಾವಾಗವ್ವ ಬರೋದು?"

ಹೊರಟಿದ್ದ ನಾಲ್ಕೈದು ಮಂದಿ ನಿಂತರು.

"ಬರುತ್ತೆ," ಎಂದೆ.

ಅಷ್ಟು ಸಾಕಾಯಿತು ಅವರಿಗೆ. ಬಸ್ ಸ್ಟ್ಯಾಂಡ್ ತೋರಿಸ್ತಾರಂತಾ, ಸಂತೆ ತೋರಿಸ್ತಾರಂತಾ, ಟಾಕೀಸು ಇದ್ದಿದ್ರೆ ಇಲ್ಲೇ ನೋಡ್ಬೋದಿತ್ತು ಎಂದು ಒಬ್ಬರ ಮೇಲೊಬ್ಬರು ಮಾತಾಡಿದರು. ಕುಣಿಗಲ್ಲಿನ ನೆಂಟರು ಹಿಡಿಯಬೇಕಿದ್ದ ತುಮಕೂರು ಬಸ್ಸು ಮನೆಯೆದುರಿನ ರಸ್ತೆಯಲ್ಲೇ ಹೋಯಿತು. ಒಬ್ಬರೂ ಅತ್ತ ತಿರುಗಿ ನೋಡಲಿಲ್ಲ.

ಮಾವನ ಲೆಕ್ಕದಲ್ಲಿ ಅದು ನಾಲ್ಕು ಬೆರಳಿನ ಪಿಕ್ಚರು. ಅದರಲ್ಲಿದ್ದ ಬೋರ್ಡನ್ನು ನಾನೇ ಹೊಡೆದುಹಾಕಿದ್ದೇನೆ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.